ಘಟ್ಟ ಹತ್ತಿದ ಬೈಕು ಇಳಿದ ಮೇಲೆ ಸೀಜ್ ಆಗುವುದೇಕೆ?

ಲಡಾಖ್‌ಗೆ ಹೊರಡುವ ಯುವಕರು ತಿಳಿದಿರಬೇಕಾದ ಕಾರ್ಬೊರೇಟರ್ ಜೆಟ್ಟಿನ ಲೆಕ್ಕ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಮುಂಬಯಿ, ಪುಣೆ, ದೆಹಲಿಯ ಕನ್ನಡ ಸಂಘಗಳ ಯುವ ವಿಭಾಗಗಳಲ್ಲಿ ಲಡಾಖ್ ಮಾತು ಶುರುವಾಗುತ್ತದೆ. ಆಫೀಸಿಗೆ ರಜೆಯ ಅರ್ಜಿ ಹೋಗುತ್ತದೆ. ಬೈಕನ್ನು ಚಂಡೀಗಢದವರೆಗೆ ರೈಲ್ವೆ ಪಾರ್ಸೆಲಿನಲ್ಲಿ ಕಳುಹಿಸುವುದೋ, ಇಲ್ಲಿಂದಲೇ ಓಡಿಸಿಕೊಂಡು ಹೋಗುವುದೋ ಎಂಬ ಚರ್ಚೆ ಭಾನುವಾರದ ಸಭೆ ಮುಗಿದ ಮೇಲೂ ಮೆಟ್ಟಿಲ ಮೇಲೆ ನಿಂತುಕೊಂಡು ನಡೆಯುತ್ತದೆ. ಹೆಲ್ಮೆಟ್, ಮೊಣಕಾಲ ಗಾರ್ಡ್, ಉಸಿರಾಟಕ್ಕೆ ಆಮ್ಲಜನಕದ ಡಬ್ಬಿ ಎಲ್ಲದಕ್ಕೂ ಪಟ್ಟಿ ಸಿದ್ಧವಾಗುತ್ತದೆ. ಆದರೆ ಎತ್ತರದಲ್ಲಿ ಸವಾರನಂತೆಯೇ ಉಸಿರು ಕಟ್ಟುವ ಇನ್ನೊಂದು ಜೀವ ಆ ಪಟ್ಟಿಯಲ್ಲಿ ಇರುವುದಿಲ್ಲ. ಅದು ಎಂಜಿನ್. ಅದರ ಮೂಗು ಕಾರ್ಬೊರೇಟರ್.

ಹೊಸ ಬೈಕು ಇದ್ದವರಿಗೆ ಈ ಚಿಂತೆ ಇಲ್ಲ. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಮಾರಾಟವಾಗುತ್ತಿರುವ ಬಹುತೇಕ ಬೈಕುಗಳಲ್ಲಿ ಫ್ಯೂಯಲ್ ಇಂಜೆಕ್ಷನ್ ಇದೆ. ಗಾಳಿ ತೆಳುವಾದದ್ದನ್ನು ಸೆನ್ಸರ್ ಅರಿತು ಪೆಟ್ರೋಲನ್ನು ತಾನೇ ಕಡಿಮೆ ಮಾಡುತ್ತದೆ. ಆದರೆ ಕಾಡುದಾರಿ, ಕಲ್ಲುದಾರಿಗೆಂದೇ ಬಂದ ಬೈಕುಗಳಲ್ಲಿ ಹಲವು ಇನ್ನೂ ಕಾರ್ಬೊರೇಟರಿನವೇ. 2011ರಲ್ಲಿ ಬಂದು ಕೆಲವೇ ವರ್ಷಗಳಲ್ಲಿ ನಿಂತುಹೋದ ಹೀರೋ ಇಂಪಲ್ಸ್, 2016ರ ಮೊದಲ ಸರಣಿಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಇಂಜೆಕ್ಷನ್ ಮಾದರಿಯ ಜೊತೆಗೇ ಬಂದ ಎಕ್ಸ್‌ಪಲ್ಸ್ 200ರ ಅಗ್ಗದ ಮಾದರಿ ಇವೆಲ್ಲ ಆ ಸಾಲಿಗೆ ಸೇರುತ್ತವೆ. ಇವುಗಳ ಜೊತೆಗೆ ಅಪ್ಪ, ಚಿಕ್ಕಪ್ಪಂದಿರು ಬಿಟ್ಟುಹೋದ ಯಮಹಾ ಆರ್‌ಎಕ್ಸ್ 100, ಯೆಜ್ದಿ, ಹಳೆಯ ಬುಲೆಟ್‌ಗಳಿಗೆ ದಪ್ಪ ಗುಳ್ಳೆಯ ಟಯರು ಹಾಕಿಸಿ ಮಣ್ಣಿಗೆ ಇಳಿಸುವ ಹುಡುಗರೂ ಇದ್ದಾರೆ. ಈ ಬೈಕುಗಳಿಗೆ ಸೆನ್ಸರ್ ಇಲ್ಲ. ಸವಾರನ ಕಿವಿ, ಮೂಗು ಮತ್ತು ಪ್ಲಗ್ಗಿನ ಬಣ್ಣವೇ ಇವುಗಳ ಸೆನ್ಸರ್.

ಡಿಕಾಕ್ಷನ್ನಿನ ಹದ

ಕಾರ್ಬೊರೇಟರ್ ಮೂಲತಃ ಬಲು ಸರಳ ಸಾಧನ. ಎಂಜಿನ್ ಗಾಳಿಯನ್ನು ಎಳೆದುಕೊಳ್ಳುವಾಗ ಅದರ ಕಿರಿದಾದ ಗಂಟಲಿನಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ತಗ್ಗುತ್ತದೆ. ಕೆಳಗಿನ ಬಟ್ಟಲಿನಲ್ಲಿ ನಿಂತ ಪೆಟ್ರೋಲು ಸಣ್ಣ ರಂಧ್ರದ ಮೂಲಕ ಮೇಲೇರಿ ಆ ಗಾಳಿಯೊಡನೆ ಬೆರೆಯುತ್ತದೆ. ರಂಧ್ರ ಕೊರೆದಿರುವ ಹಿತ್ತಾಳೆಯ ಪುಟ್ಟ ತಿರುಪೇ ಜೆಟ್. ಕಡಲೆಕಾಳಿನಷ್ಟೂ ದಪ್ಪವಿಲ್ಲದ ಈ ತುಂಡಿನ ಮೇಲೆ 110, 115 ಎಂಬಂಥ ಅಂಕೆ ಕೆತ್ತಿರುತ್ತದೆ. ಕೈಹಿನ್ ಕಂಪೆನಿಯ ಜೆಟ್ಟಿನಲ್ಲಿ 110 ಎಂದರೆ ರಂಧ್ರದ ಅಗಲ ಸುಮಾರು 1.10 ಮಿಲಿಮೀಟರ್. ಮಿಕುನಿ ಕಂಪೆನಿಯ ಹಲವು ಜೆಟ್‌ಗಳ ಅಂಕೆ ರಂಧ್ರದ ಅಗಲವನ್ನಲ್ಲ, ಹರಿಯುವ ಪೆಟ್ರೋಲಿನ ಪ್ರಮಾಣವನ್ನು ಸೂಚಿಸುತ್ತದೆ. ಆದ್ದರಿಂದ ಒಂದು ಕಂಪೆನಿಯ 110ರ ಬದಲು ಇನ್ನೊಂದರ 110 ಹಾಕುವುದು ಸಲ್ಲದು.

ಪೆಟ್ರೋಲಿನ ತೂಕದ 14.7 ಪಟ್ಟು ತೂಕದ ಗಾಳಿ ಸೇರಿದರೆ ಎರಡೂ ಪೂರ್ತಿ ಉರಿದು ಮುಗಿಯುತ್ತವೆ. ಬೈಕು ಜೋರಾಗಿ ಎಳೆಯಬೇಕಾದಾಗ ಇನ್ನಷ್ಟು ಪೆಟ್ರೋಲು ಬೇಕು, ಅಂದರೆ ಒಂದಕ್ಕೆ ಹನ್ನೆರಡೂವರೆ ಹದಿಮೂರರ ಲೆಕ್ಕ. ಪೆಟ್ರೋಲು ಅಗತ್ಯಕ್ಕಿಂತ ಹೆಚ್ಚಾದರೆ ಮೆಕ್ಯಾನಿಕರ ಭಾಷೆಯಲ್ಲಿ 'ರಿಚ್', ಕಡಿಮೆಯಾದರೆ 'ಲೀನ್'. ಹೊಟೇಲಿನ ಕಾಫಿಗೆ ಡಿಕಾಕ್ಷನ್ ಬೆರೆಸುವ ಹದದಂತೆಯೇ ಇದು. ಡಿಕಾಕ್ಷನ್ ಹೆಚ್ಚಾದರೆ ಕಹಿ, ಕಡಿಮೆಯಾದರೆ ನೀರು. ವ್ಯತ್ಯಾಸ ಇಷ್ಟೇ: ಕಾಫಿ ಕೆಟ್ಟರೆ ಚೆಲ್ಲಬಹುದು, ಎಂಜಿನ್ ಕೆಟ್ಟರೆ ಬೋರ್ ಮಾಡಿಸಬೇಕು.

ಈಗ ಎತ್ತರದ ಮಾತು. ಎಂಜಿನ್ ಗಾಳಿಯನ್ನು ಲೀಟರಿನ ಲೆಕ್ಕದಲ್ಲಿ ಎಳೆದುಕೊಳ್ಳುತ್ತದೆ, ಅದರ ತೂಕ ಎಷ್ಟೆಂದು ಕಾರ್ಬೊರೇಟರಿಗೆ ಸರಿಯಾಗಿ ತಿಳಿಯುವುದಿಲ್ಲ. ಮುಂಬಯಿಯ ಕಡಲ ದಂಡೆಯ ಒಂದು ಲೀಟರ್ ಗಾಳಿಗೂ ಲೇಹ್‌ನ ಒಂದು ಲೀಟರ್ ಗಾಳಿಗೂ ಬಹಳ ಅಂತರವಿದೆ. ಲೇಹ್ ಪಟ್ಟಣ ಸುಮಾರು 3,500 ಮೀಟರ್ ಎತ್ತರದಲ್ಲಿದ್ದು, ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಹತ್ತರಲ್ಲಿ ಏಳು ಪಾಲು ಮಾತ್ರ. ಖರ್ದುಂಗ್ ಲಾ ಕಣಿವೆಯಲ್ಲಿ ಅದು ಅರ್ಧಕ್ಕಿಂತ ತುಸು ಹೆಚ್ಚು. (ಅಲ್ಲಿನ ಹಳೆಯ ಫಲಕದಲ್ಲಿ 18,380 ಅಡಿ ಎಂದು ಬರೆದದ್ದನ್ನು ಹಿನ್ನೆಲೆಯಾಗಿಟ್ಟುಕೊಂಡು ಫೋಟೋ ತೆಗೆಸಿಕೊಂಡವರು ಸಾವಿರಾರು. ಸರಿಯಾದ ಅಳತೆ 5,359 ಮೀಟರ್, ಅಂದರೆ 17,582 ಅಡಿ. ಫೋಟೋ ಚೆನ್ನಾಗಿಯೇ ಬರುತ್ತದೆ, ಅಡ್ಡಿಯಿಲ್ಲ.)

ಗಾಳಿ ತೆಳುವಾದಂತೆ ಪೆಟ್ರೋಲಿನ ಹರಿವೂ ಸ್ವಲ್ಪ ತಗ್ಗುತ್ತದೆ, ಆದರೆ ಗಾಳಿ ತಗ್ಗಿದಷ್ಟು ಅಲ್ಲ. ಲೆಕ್ಕ ಹಾಕಿದರೆ ಖರ್ದುಂಗ್ ಲಾದಲ್ಲಿ ಮಿಶ್ರಣ ಸುಮಾರು ಮೂರನೇ ಒಂದು ಪಾಲಿನಷ್ಟು ರಿಚ್ ಆಗುತ್ತದೆ. ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ, ಮಿಸ್ಸಿಂಗ್ ಶುರುವಾಗುತ್ತದೆ, ಟ್ಯಾಂಕ್ ಬೇಗ ಖಾಲಿಯಾಗುತ್ತದೆ. ಸಮುದ್ರಮಟ್ಟದಲ್ಲಿ 110ರ ಜೆಟ್ ಸರಿಹೊಂದಿದ್ದ ಬೈಕಿಗೆ ಇದೇ ಲೆಕ್ಕದಲ್ಲಿ ಲೇಹ್‌ನಲ್ಲಿ 100, ಖರ್ದುಂಗ್ ಲಾದಲ್ಲಿ 95ರ ಆಸುಪಾಸಿನ ಜೆಟ್ ಬೇಕಾಗುತ್ತದೆ.

ಇಷ್ಟನ್ನು ಕೇಳಿದ ಕೂಡಲೇ ಕೆಲವರು 95ರ ಜೆಟ್ ಕೊಂಡು ಮುಂಬಯಿಯಲ್ಲೇ ಹಾಕಿಸಿ ಹೊರಡುವುದುಂಟು. ಎಡವಟ್ಟು ಶುರುವಾಗುವುದೇ ಅಲ್ಲಿಂದ.

ಕೊಬ್ಬಿದರೆ ಕೆಮ್ಮು, ಸೊರಗಿದರೆ ಸಾವು

ರಿಚ್ ಆದ ಎಂಜಿನ್ ಸವಾರನನ್ನು ಕಾಡುತ್ತದೆಯೇ ಹೊರತು ತಾನು ಸಾಯುವುದು ಅಪರೂಪ. ಕೆಮ್ಮುತ್ತದೆ, ಹೊಗೆ ಉಗುಳುತ್ತದೆ, ಬೆಳಗ್ಗೆ ಸ್ಟಾರ್ಟ್ ಆಗಲು ಹಟ ಮಾಡುತ್ತದೆ. ಪ್ಲಗ್ ಬಿಚ್ಚಿ ಒರೆಸಿ ಹಾಕಿದರೆ ಮತ್ತೆ ಹೊರಡುತ್ತದೆ. ಲೀನ್ ಆದ ಎಂಜಿನ್ನಿನ ಕಥೆ ಬೇರೆ. ಅದು ಮೊದಮೊದಲು ಹಗುರವಾಗಿ ಓಡಿದಂತೆಯೇ ಕಾಣುತ್ತದೆ, ಆವರೇಜ್ ಕೂಡ ಹೆಚ್ಚು ಬಂದೀತು. ಪೆಟ್ರೋಲಿಗೆ ಉರಿಯುವ ಕೆಲಸದ ಜೊತೆಗೆ ಆವಿಯಾಗುತ್ತ ಎಂಜಿನ್ನಿನ ಒಳಭಾಗವನ್ನು ತಂಪು ಮಾಡುವ ಕೆಲಸವೂ ಇದೆ. ಅದು ಕಡಿಮೆಯಾದಾಗ ಪಿಸ್ಟನ್ನಿನ ತಲೆ ಕಾಯುತ್ತದೆ, ಹಿಗ್ಗುತ್ತದೆ, ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ಎಂಬತ್ತು, ತೊಂಬತ್ತರ ವೇಗದಲ್ಲಿ ಹಿಂದಿನ ಚಕ್ರ ಒಮ್ಮೆಲೇ ಲಾಕ್ ಆದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ.

"ಅಣ್ಣಾ, ಜೆಟ್ ಸಣ್ಣದು ಹಾಕಿದರೆ ಆವರೇಜ್ ಜಾಸ್ತಿ ಬರುತ್ತದಲ್ಲಾ?" ಎಂದು ಕೇಳುವ ಹುಡುಗರಿಗೆ ಹಳೆಯ ಮೆಕ್ಯಾನಿಕರ ಉತ್ತರ ಚುಟುಕಾಗಿರುತ್ತದೆ: "ಬರುತ್ತದೆ ಮಾರಾಯಾ, ಪಿಸ್ಟನ್ ಇರುವವರೆಗೆ."

ಹೀಗಾಗಿ ಲಡಾಖ್ ಪ್ರವಾಸದಲ್ಲಿ ಎಂಜಿನ್ನಿಗೆ ನಿಜವಾದ ಗಂಡಾಂತರವಿರುವುದು ಕಣಿವೆಯ ತುದಿಯಲ್ಲಲ್ಲ, ವಾಪಸು ಬರುವ ದಾರಿಯಲ್ಲಿ. ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಬೆಳಗ್ಗೆ ಹೊರಟರೆ ಸಂಜೆಗೆ ಚಂಡೀಗಢದ ಬಯಲು, ಎತ್ತರ ಮುನ್ನೂರ ಚಿಲ್ಲರೆ ಮೀಟರ್. ಶ್ರೀನಗರದ ದಾರಿಯಲ್ಲಿ ಬಂದರೂ ಅಷ್ಟೇ: 3,528 ಮೀಟರಿನ ಜೋಜಿ ಲಾದಿಂದ ಜಮ್ಮುವಿಗೆ ಇಳಿಯಲು ಎರಡು ದಿನ ಸಾಕು. ಹತ್ತು ಹದಿನೈದು ದಿನ ಹಿಡಿದು ಏರಿದ ಎತ್ತರವನ್ನು ಬೈಕು ಎರಡೇ ದಿನಗಳಲ್ಲಿ ಇಳಿದುಬಿಡುತ್ತದೆ. ಸವಾರ ದಣಿದಿರುತ್ತಾನೆ, ರಜೆ ಮುಗಿದಿರುತ್ತದೆ, ಮನೆಯಿಂದ ಫೋನು ಬರುತ್ತಿರುತ್ತದೆ. ಜೂನ್, ಜುಲೈಯ ಬಯಲಿನ ಬಿಸಿಲಿನಲ್ಲಿ ಅಂಬಾಲಾದಿಂದ ದೆಹಲಿಯವರೆಗೆ ನೇರ ಹೆದ್ದಾರಿ. ಆಕ್ಸಿಲರೇಟರ್ ಪೂರ್ತಿ ತಿರುಗಿರುತ್ತದೆ, ಒಳಗೆ ಕುಳಿತಿರುವುದು ಮಾತ್ರ ಖರ್ದುಂಗ್ ಲಾದ ಜೆಟ್. 110 ಇರಬೇಕಾದಲ್ಲಿ 95 ಇದ್ದರೆ ರಂಧ್ರದ ವಿಸ್ತೀರ್ಣ ಕಾಲು ಭಾಗ ಕಡಿಮೆ, ಅಂದರೆ ಎಂಜಿನ್ನಿಗೆ ಸಿಗುವ ಪೆಟ್ರೋಲೂ ಸುಮಾರು ಕಾಲು ಭಾಗ ಕಡಿಮೆ.

ಟೂ ಸ್ಟ್ರೋಕ್ ಬೈಕಿನಲ್ಲಿ ಈ ಅಪಾಯ ಇಮ್ಮಡಿ. ಇಲ್ಲಿ ಮೈಸೂರಿನ ಯೆಜ್ದಿಯ ಪ್ರಸ್ತಾಪ ಬಾರದೆ ಇರದು. ಮುಂಬಯಿಯಲ್ಲಿ ಜಾವಾ ಬೈಕುಗಳನ್ನು ಆಮದು ಮಾಡಿ ಮಾರುತ್ತಿದ್ದ ಇರಾನಿ ಕುಟುಂಬದವರು 1960ರ ದಶಕದ ಆರಂಭದಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುಮಾಡಿದರು. 1970ರ ದಶಕದಲ್ಲಿ ಅಲ್ಲಿಂದ ಯೆಜ್ದಿ ಹೆಸರಿನ ಬೈಕುಗಳು ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ಮುಂಬಯಿ, ಮೈಸೂರು, ಬೆಂಗಳೂರುಗಳಲ್ಲಿ ಆ ಬೈಕುಗಳನ್ನು ಇಂದಿಗೂ ಜೋಪಾನ ಮಾಡಿಟ್ಟುಕೊಂಡವರಿದ್ದಾರೆ. 2022ರಲ್ಲಿ ಅದೇ ಹೆಸರಿನಲ್ಲಿ ಬಂದ ಹೊಸ ಬೈಕುಗಳು ಫೋರ್ ಸ್ಟ್ರೋಕ್ ಎಂಜಿನ್ನಿನ, ಇಂಜೆಕ್ಷನ್ ಮಾದರಿಗಳು, ಅವುಗಳ ಮಾತು ಇಲ್ಲಿಲ್ಲ. ಹಳೆಯ ಯೆಜ್ದಿಗೆ ಲೀಟರ್ ಪೆಟ್ರೋಲಿಗೆ 30ರಿಂದ 40 ಮಿಲಿಲೀಟರ್ ಆಯಿಲ್ ಬೆರೆಸಿಯೇ ಹಾಕಬೇಕು. ಪಿಸ್ಟನ್ನಿಗೆ ಬೇರೆ ಎಣ್ಣೆಯಿಲ್ಲ, ಪೆಟ್ರೋಲಿನೊಡನೆ ಬಂದದ್ದೇ ಬಂತು. ಜೆಟ್ ಸಣ್ಣದಾದರೆ ಪೆಟ್ರೋಲಿನ ಜೊತೆ ಎಣ್ಣೆಯೂ ಕಡಿಮೆಯಾಗುತ್ತದೆ. ಒಂದು ಕಡೆ ಬಿಸಿ ಹೆಚ್ಚಿತು, ಇನ್ನೊಂದು ಕಡೆ ಜಾರಿಕೆ ತಪ್ಪಿತು. ಸೀಜ್ ಆಗಲು ಇನ್ನೇನು ಬೇಕು?

ಇದೇ ಕಾರಣಕ್ಕೆ ಊರಿಗೆ ಹೋಗುವಾಗ ಆಂಬೋಲಿ, ಚಾರ್ಮಾಡಿ, ಆಗುಂಬೆ ಘಾಟಿಗಳನ್ನು ಹಳೆಯ ಯೆಜ್ದಿಯಲ್ಲಿ ಇಳಿಯುವವರು ಒಂದು ಸಂಗತಿ ನೆನಪಿಡಬೇಕು. ಗೇರ್‌ನಲ್ಲೇ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಮೈಲುಗಟ್ಟಲೆ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆದರೆ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ. ಎರಡು ಮೂರು ತಿರುವಿಗೊಮ್ಮೆ ಕ್ಲಚ್ ಹಿಡಿದು ಸಣ್ಣಗೆ ರೇಸ್ ಕೊಟ್ಟು ಬಿಡುವುದು ಹಿಂದಿನವರ ರೂಢಿ. ನೋಡುವವರಿಗೆ ಅದು ಶೋಕಿಯಂತೆ ಕಂಡಿರಬಹುದು. ಪಿಸ್ಟನ್ನಿಗೆ ಅದೊಂದು ಗುಟುಕು ಎಣ್ಣೆ.

ಮಣ್ಣುದಾರಿಯಲ್ಲಿ ಕೆಲಸ ಮಾಡುವ ಜೆಟ್ ಯಾವುದು?

ಗ್ಯಾರೇಜಿನಲ್ಲಿ ಜೆಟ್ ಎಂದರೆ ಎಲ್ಲರ ಗಮನ ಹೋಗುವುದು ಮೇನ್ ಜೆಟ್ಟಿನ ಕಡೆಗೆ. ಆದರೆ ಅದರ ಅಧಿಕಾರ ನಡೆಯುವುದು ಆಕ್ಸಿಲರೇಟರ್ ಮುಕ್ಕಾಲು ಪಾಲಿನಿಂದ ಪೂರ್ತಿ ತಿರುಗಿದಾಗ. ಕಾಲು ಪಾಲಿನವರೆಗೆ ಪೈಲಟ್ ಜೆಟ್ ಮತ್ತು ಅದರ ಸ್ಕ್ರೂ, ನಡುವಿನ ದೊಡ್ಡ ಭಾಗಕ್ಕೆ ಸ್ಲೈಡಿಗೆ ಸಿಕ್ಕಿಸಿದ ನೀಡಲ್. ಕಲ್ಲು, ಕೆಸರು, ಹಳ್ಳ ದಾಟುತ್ತ ಫುಟ್‌ರೆಸ್ಟ್ ಮೇಲೆ ನಿಂತು ಮೊದಲ, ಎರಡನೇ ಗೇರಿನಲ್ಲಿ ಹೋಗುವವನ ಕೈ ಆಕ್ಸಿಲರೇಟರನ್ನು ಅರ್ಧಕ್ಕಿಂತ ಹೆಚ್ಚು ತಿರುಗಿಸುವುದೇ ಕಡಿಮೆ. ಹಾಗಾಗಿ ಟ್ರೇಲ್ ಬೈಕಿನ ಸುಖದುಃಖ ನಿರ್ಧಾರವಾಗುವುದು ಪೈಲಟ್ ಜೆಟ್ ಮತ್ತು ನೀಡಲಿನಲ್ಲಿ. ಮೇನ್ ಜೆಟ್ ಬದಲಾಯಿಸಿ ಬದಲಾಯಿಸಿ ಸುಸ್ತಾದ ಎಷ್ಟೋ ಜನರ ತೊಂದರೆ ನೀಡಲಿನ ಒಂದು ಗೀರಿನಲ್ಲಿ ಪರಿಹಾರವಾಗುವಂಥದು.

ಎಲ್ಲಿ ತೊಂದರೆ ಎಂದು ಪತ್ತೆ ಹಚ್ಚಲು ಖರ್ಚಿಲ್ಲದ ಉಪಾಯವಿದೆ. ಹ್ಯಾಂಡಲಿನ ಹಿಡಿಯ ಮೇಲೆ ಬಿಳಿ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಗುರುತು ಹಾಕುವುದು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಖಾಲಿ ರಸ್ತೆಯಲ್ಲಿ ಒಂದೊಂದೇ ಗುರುತಿನಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಯಾವ ಹಂತದಲ್ಲಿ ತೊದಲುತ್ತದೆಂದು ಸ್ಪಷ್ಟವಾಗುತ್ತದೆ. ರಿಚ್ಚೋ ಲೀನೋ ಎಂಬ ಸಂಶಯಕ್ಕೆ ಚೋಕ್ ಉತ್ತರ ಹೇಳುತ್ತದೆ. ತೊದಲುವ ಹಂತದಲ್ಲಿ ಚೋಕನ್ನು ತುಸು ಎಳೆದಾಗ ಬೈಕು ಸುಧಾರಿಸಿದರೆ ಲೀನ್, ಇನ್ನಷ್ಟು ಕೆಟ್ಟರೆ ರಿಚ್. ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸಿಡಿಯುವುದು, ಒಂದೇ ವೇಗದಲ್ಲಿ ಹೋಗುವಾಗ ಎಂಜಿನ್ ತಾನಾಗಿ ಏರಿಳಿಯುವುದು ಬಹುತೇಕ ಲೀನ್‌ನ ಲಕ್ಷಣಗಳು. ಇನ್ನು ಪ್ಲಗ್. ಕಾಫಿಪುಡಿಯ ಕಂದು ಬಣ್ಣವಿದ್ದರೆ ಸರಿ, ಒಣ ಮಸಿಯಿದ್ದರೆ ರಿಚ್, ಸುಣ್ಣದಂತೆ ಬೆಳ್ಳಗಿದ್ದರೆ ಲೀನ್ ಎಂಬ ಮಾತು ಎಲ್ಲರಿಗೂ ಗೊತ್ತು. ಆದರೆ ಸಿಗ್ನಲಿನಿಂದ ಸಿಗ್ನಲಿಗೆ ತೆವಳಿ ಮನೆಗೆ ಬಂದು ಪ್ಲಗ್ ಬಿಚ್ಚಿದರೆ ಅದು ಮೇನ್ ಜೆಟ್ಟಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೊಸ ಪ್ಲಗ್ ಹಾಕಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಓಡಿಸಿ, ಅದೇ ಸ್ಥಿತಿಯಲ್ಲಿ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ ನಿಲ್ಲಿಸಿ ನೋಡಿದ ಬಣ್ಣ ಮಾತ್ರ ಮೇನ್ ಜೆಟ್ಟಿನ ಬಣ್ಣ. ಸೀಸವಿಲ್ಲದ ಇಂದಿನ ಪೆಟ್ರೋಲಿನಲ್ಲಿ ಆ ಕಂದು ಹಿಂದಿನಷ್ಟು ಗಾಢವಾಗಿಯೂ ಇರುವುದಿಲ್ಲ.

ನೀಡಲಿನ ತಲೆಯಲ್ಲಿ ಸಣ್ಣ ಗೀರುಗಳಿದ್ದು ಒಂದರಲ್ಲಿ ಕ್ಲಿಪ್ ಇರುತ್ತದೆ. ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿದರೆ ನೀಡಲ್ ಮೇಲೇರಿ ಮಿಶ್ರಣ ರಿಚ್ ಆಗುತ್ತದೆ, ಮೇಲೇರಿಸಿದರೆ ಲೀನ್. ಹೊಸ ವ್ಯಾಕ್ಯೂಮ್ ಕಾರ್ಬೊರೇಟರುಗಳಲ್ಲಿ ಅನೇಕ ಸಲ ಗೀರುಗಳೇ ಇರುವುದಿಲ್ಲ. ಅಂಥ ಕಾರ್ಬೊರೇಟರ್ ಎತ್ತರದ ವ್ಯತ್ಯಾಸವನ್ನು ಹಳೆಯದಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ ಎಂಬುದೇ ಸಮಾಧಾನ, ಪೂರ್ತಿಯಾಗಿ ಅಲ್ಲ.

ಪೈಲಟ್ ಸ್ಕ್ರೂ ವಿಷಯದಲ್ಲಿ ಅನುಭವಿಗಳೂ ಗೊಂದಲಕ್ಕೆ ಬೀಳುತ್ತಾರೆ. ಸ್ಕ್ರೂ ಎಂಜಿನ್ ಬದಿಗಿದ್ದರೆ ಅದು ಪೆಟ್ರೋಲಿನ ಸ್ಕ್ರೂ, ಹೊರಕ್ಕೆ ತಿರುಗಿಸಿದರೆ ರಿಚ್. ಏರ್ ಫಿಲ್ಟರ್ ಬದಿಗಿದ್ದರೆ ಗಾಳಿಯ ಸ್ಕ್ರೂ, ಹೊರಕ್ಕೆ ತಿರುಗಿಸಿದರೆ ಲೀನ್. ಬೇರೆ ಬೈಕಿನವನ ಸಲಹೆ ಕೇಳುವ ಮುನ್ನ ಸ್ಕ್ರೂ ಎಲ್ಲಿದೆ ಎಂದು ನೋಡಿಕೊಳ್ಳುವುದು ಕ್ಷೇಮ. ಮೊದಲು ಅದನ್ನು ಮೆಲ್ಲಗೆ ಪೂರ್ತಿ ಒಳಗೆ ಕೂರಿಸಿ, ಎಷ್ಟು ಸುತ್ತು ಒಳಹೋಯಿತೆಂದು ಎಣಿಸಿ ಬರೆದಿಟ್ಟುಕೊಂಡು, ಒಂದೂವರೆ ಸುತ್ತು ಹೊರಗೆ ತೆಗೆದು ಬಿಸಿ ಎಂಜಿನ್ ಚಾಲೂ ಮಾಡಬೇಕು. ಅಲ್ಲಿಂದ ಕಾಲು ಕಾಲು ಸುತ್ತು ಅತ್ತಿತ್ತ ತಿರುಗಿಸಿದರೆ ಒಂದು ಜಾಗದಲ್ಲಿ ಐಡ್ಲಿಂಗ್ ಅತ್ಯಂತ ಜೋರಾಗಿ, ನಯವಾಗಿ ಕೇಳಿಸುತ್ತದೆ. ಪೆಟ್ರೋಲಿನ ಸ್ಕ್ರೂ ಮೂರು ಸುತ್ತು ಹೊರಬಂದರೂ ಆ ಜಾಗ ಸಿಗಲಿಲ್ಲವೆಂದರೆ ಪೈಲಟ್ ಜೆಟ್ ಚಿಕ್ಕದಾಯಿತು. ಅರ್ಧ ಸುತ್ತಿನೊಳಗೇ ಸಿಕ್ಕಿತೆಂದರೆ ದೊಡ್ಡದಾಯಿತು. ಗಾಳಿಯ ಸ್ಕ್ರೂನಲ್ಲಿ ಇದೆಲ್ಲ ತದ್ವಿರುದ್ಧ.

ಯಾವುದಕ್ಕೂ ಕೈ ಹಾಕುವ ಮುನ್ನ ಏರ್ ಫಿಲ್ಟರ್ ಶುಚಿಯಾಗಿದೆಯೇ, ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯೇ ಎಂದು ನೋಡಬೇಕು. ಮಣ್ಣಿನಲ್ಲಿ ಓಡಿದ ಬೈಕಿನ ಫಿಲ್ಟರ್ ಧೂಳು ತುಂಬಿ ರಿಚ್ ಆಗಿರುತ್ತದೆ, ಬಿರುಕಿನಿಂದ ಕಳ್ಳಗಾಳಿ ನುಗ್ಗಿ ಲೀನ್ ಆಗಿರುತ್ತದೆ. ಎರಡಕ್ಕೂ ಜೆಟ್ ಔಷಧವಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಬರೆದಿಟ್ಟುಕೊಂಡು. ಜೆಟ್, ನೀಡಲ್, ಸೈಲೆನ್ಸರ್ ಮೂರನ್ನೂ ಒಂದೇ ಭಾನುವಾರ ಬದಲಾಯಿಸಿದವನಿಗೆ ಯಾವುದರಿಂದ ಏನಾಯಿತೆಂದು ಬ್ರಹ್ಮನೂ ಹೇಳಲಾರ. ಅಂದಹಾಗೆ ಸದ್ದು ಮಾಡುವ ಫ್ರೀ ಫ್ಲೋ ಸೈಲೆನ್ಸರ್ ಹಾಕಿ, ಫಿಲ್ಟರ್ ಡಬ್ಬಿಯ ಮುಚ್ಚಳ ಕಿತ್ತೆಸೆಯುವ ಶೋಕಿಯೂ ಬೈಕನ್ನು ಲೀನ್ ಮಾಡುತ್ತದೆ. ಪೊಲೀಸರ ದಂಡದ ರಸೀತಿ ಬರುವುದು ಅದಾದ ಮೇಲೆ.

ಹಾಗಾದರೆ ಜೆಟ್ ಬದಲಾಯಿಸಬೇಕೇ?

ಸಹ್ಯಾದ್ರಿಯ ಮಟ್ಟಿಗೆ ಹೇಳುವುದಾದರೆ ಬೇಡ. ಮುಂಬಯಿಯಿಂದ 1,350 ಮೀಟರಿನ ಮಹಾಬಲೇಶ್ವರಕ್ಕೋ, ಮಂಗಳೂರಿನಿಂದ ಚಾರ್ಮಾಡಿ ಹತ್ತಿ 1,930 ಮೀಟರಿನ ಮುಳ್ಳಯ್ಯನಗಿರಿಗೋ ಹೋದರೆ ಮಿಶ್ರಣ ಹೆಚ್ಚೆಂದರೆ ಹತ್ತು ಪ್ರತಿಶತ ರಿಚ್ ಆದೀತು. ಬೈಕು ತುಸು ಮಂದವಾದಂತೆ ಅನಿಸಬಹುದು, ಅಷ್ಟೆ.

ಲಡಾಖ್‌ಗೆ ಹೋಗುವವರಿಗೆ ಇರುವ ದಾರಿ ಎರಡು. ಒಂದು, ಏನನ್ನೂ ಮುಟ್ಟದೆ ಹೋಗುವುದು. ಎರಡು ಮೂರು ಹೆಚ್ಚುವರಿ ಪ್ಲಗ್, ಶುಚಿಯಾದ ಫಿಲ್ಟರ್ ಇಟ್ಟುಕೊಂಡು, ಕಣಿವೆಗಳ ತುದಿಯಲ್ಲಿ ಕೆಮ್ಮುವುದನ್ನು ಸಹಿಸಿಕೊಂಡು ದಾಟಿಬಿಡುವುದು. 4,890 ಮೀಟರಿನ ಬಾರಾಲಾಚಾ ಲಾ, 5,328 ಮೀಟರಿನ ತಂಗ್ಲಾಂಗ್ ಲಾ ತುದಿಗಳಲ್ಲಿ ಯಾರೂ ಗಂಟೆಗಟ್ಟಲೆ ಇರುವುದಿಲ್ಲ. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿ ದಾರಿಯಲ್ಲಿ ರೋಹತಾಂಗ್ ಹತ್ತುವ ಕಷ್ಟವೂ ತಪ್ಪಿದೆ. ಹೆಚ್ಚಿನವರಿಗೆ ಈ ದಾರಿಯೇ ಮೇಲು. ಸರಿಯಾದ ಜೆಟ್ ಹಾಕಿದರೂ ಕಳೆದುಹೋದ ಶಕ್ತಿ ಮರಳಿ ಬರುವುದಿಲ್ಲ ಎಂಬುದನ್ನೂ ಮರೆಯಬಾರದು. ಗಾಳಿ ಅರ್ಧವಾದಲ್ಲಿ ಶಕ್ತಿಯೂ ಅರ್ಧವೇ. ಜೆಟ್ ಬದಲಾವಣೆ ಮಸಿಯನ್ನೂ ಪೆಟ್ರೋಲಿನ ಪೋಲನ್ನೂ ತಡೆಯುತ್ತದೆ, ನೂರು ಸಿಸಿ ಬೈಕನ್ನು ಇನ್ನೂರು ಸಿಸಿ ಮಾಡುವುದಿಲ್ಲ.

ಎರಡನೆಯದು, ಲೇಹ್ ಸುತ್ತಮುತ್ತ ಎಂಟು ಹತ್ತು ದಿನ ತಿರುಗಾಡುವವರಿಗೆ. ಅಂಥವರು ಅಲ್ಲಿ ತಲುಪಿದ ಮೇಲೆ ಲೇಹ್‌ನ ಎತ್ತರಕ್ಕೆ ತಕ್ಕ ಜೆಟ್ ಹಾಕಿಕೊಳ್ಳಬಹುದು, ಖರ್ದುಂಗ್ ಲಾದ ಎತ್ತರಕ್ಕಲ್ಲ. ತುದಿಯಲ್ಲಿ ತುಸು ರಿಚ್ ಇದ್ದರೆ ನಷ್ಟವಿಲ್ಲ. ಅಲ್ಲಿನ ಚಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೊನ್ನೆ ಡಿಗ್ರಿಯ ಗಾಳಿ 35 ಡಿಗ್ರಿಯ ಗಾಳಿಗಿಂತ ಎಂಟನೇ ಒಂದು ಪಾಲಿನಷ್ಟು ಹೆಚ್ಚು ಸಾಂದ್ರ. ನಡುಹಗಲಿಗೆ ಹೊಂದಿಸಿದ ಜೆಟ್ ಬೆಳಗಿನ ಜಾವಕ್ಕೆ ಲೀನ್ ಆಗುವುದುಂಟು.

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಲೆಕ್ಕ ಸೇರಿಕೊಂಡಿದೆ. 2023ರ ಫೆಬ್ರವರಿಯಲ್ಲಿ ಆರಂಭವಾಗಿ 2025ರ ಹೊತ್ತಿಗೆ ದೇಶದ ಬಹುಪಾಲು ಪಂಪುಗಳಿಗೆ ಬಂದ, ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲು. ಎಥೆನಾಲಿನೊಳಗೇ ಆಮ್ಲಜನಕ ಇರುವುದರಿಂದ ಅದಕ್ಕೆ ಹೊರಗಿನ ಗಾಳಿ ಕಡಿಮೆ ಸಾಕು. 14.7 ಇದ್ದ ಲೆಕ್ಕ ಇದರಲ್ಲಿ ಸುಮಾರು 13.5ಕ್ಕೆ ಇಳಿಯುತ್ತದೆ. ಅಂದರೆ 1990ರ ದಶಕದ ಪೆಟ್ರೋಲಿಗೆ ಹೊಂದಿಸಿದ ಜೆಟ್ ಈಗ ಏನೂ ಮಾಡದೆಯೇ ಎಂಟು, ಒಂಬತ್ತು ಪ್ರತಿಶತ ಲೀನ್ ಆಗಿ ಕೂತಿದೆ. ಮುಂಬಯಿಯಲ್ಲೇ ಓಡುವ ಹಳೆಯ ಆರ್‌ಎಕ್ಸ್, ಯೆಜ್ದಿಗಳಿಗೆ 110 ಇದ್ದಲ್ಲಿ 112 ಅಥವಾ 115ರ ಜೆಟ್ ಹಾಕಿ ಪ್ಲಗ್ ನೋಡಿಕೊಳ್ಳುವುದು ಒಳ್ಳೆಯದು. ಹಳೆಯ ರಬ್ಬರ್ ಪೈಪ್, ವಾಷರುಗಳನ್ನೂ ಎಥೆನಾಲ್ ಮೆತ್ತಗೆ ಮಾಡುತ್ತದೆ. ಅದು ನೀರನ್ನೂ ಹೀರಿಕೊಳ್ಳುವುದರಿಂದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವ ಬೈಕಿನ ಕಾರ್ಬೊರೇಟರ್ ಬಟ್ಟಲನ್ನು ಖಾಲಿ ಮಾಡಿ ಇಡಬೇಕು.

ಜೆಟ್ ಸಿಗುವುದು ಕಷ್ಟವೇನಲ್ಲ. ಮುಂಬಯಿಯ ಕುರ್ಲಾ, ದೆಹಲಿಯ ಕರೋಲ್‌ಬಾಗ್, ಚೆನ್ನೈಯ ಪುದುಪೇಟೆ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿದರೆ ಹೆಚ್ಚಿನವು ದೊರೆಯುತ್ತವೆ. ನಕಲಿಗಳೂ ದೊರೆಯುತ್ತವೆ. ಅಂಕೆ ಮಸುಕಾಗಿದ್ದರೆ, ರಂಧ್ರದ ಅಂಚು ಒರಟಾಗಿದ್ದರೆ ಕೊಳ್ಳಬಾರದು. ಕಟ್ಟಿಕೊಂಡ ಜೆಟ್ಟಿಗೆ ತಂತಿ ಚುಚ್ಚುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಹೋಗಿಲ್ಲ. ಹಿತ್ತಾಳೆ ಮೆದು, ತಂತಿ ಗಟ್ಟಿ. ನಾಲ್ಕು ಸಲ ಚುಚ್ಚಿದ 110ರ ಜೆಟ್ 110 ಆಗಿ ಉಳಿಯುವುದಿಲ್ಲ. ಪೆಟ್ರೋಲಿನಲ್ಲಿ ನೆನೆಸಿ ಗಾಳಿ ಹೊಡೆದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಆಗಲೂ ಬಾರದಿದ್ದರೆ ಮೀನಿನ ಗಾಳಕ್ಕೆ ಕಟ್ಟುವ ತೆಳುವಾದ ನೈಲಾನ್ ದಾರ ಸಾಕು. ಕರಾವಳಿಯವರ ಮನೆಯಲ್ಲಿ ಅದಕ್ಕೆ ಬರವಿಲ್ಲ.

ಊರಿನಿಂದ ತಂದ ಹಳೆಯ ಜೆಟ್ಟನ್ನು ಸಣ್ಣ ಡಬ್ಬಿಯಲ್ಲಿ ಹತ್ತಿಯೊಳಗೆ ಸುತ್ತಿ, ಒಂದು ಸ್ಕ್ರೂ ಡ್ರೈವರ್ ಮತ್ತು ಬಟ್ಟಲಿನ ಹೊಸ ವಾಷರಿನೊಂದಿಗೆ ಟೂಲ್ ಬಾಕ್ಸಿನಲ್ಲೇ ಇಡಬೇಕು. ಲಗೇಜಿನ ತಳದಲ್ಲಿ ಇಟ್ಟರೆ ಚಂಡೀಗಢದಲ್ಲಿ ಹುಡುಕುವ ತಾಳ್ಮೆ ಯಾರಿಗೂ ಇರುವುದಿಲ್ಲ. ಲೇಹ್‌ನಲ್ಲಿ ಜೆಟ್ ಬದಲಾಯಿಸಿದ ದಿನವೇ ಸ್ಪೀಡೋಮೀಟರ್ ಗಾಜಿನ ಮೇಲೆ ಟೇಪ್ ಅಂಟಿಸಿ 'ಜೆಟ್ 100' ಎಂದು ಬರೆದಿಟ್ಟರೆ ಮರೆವಿಗೆ ಅವಕಾಶವಿಲ್ಲ. ಮನಾಲಿಯಲ್ಲೋ ಶ್ರೀನಗರದಲ್ಲೋ ತಂಗುವ ರಾತ್ರಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಹತ್ತಿರ ಬೀಡಿ ಸಿಗರೇಟು ಯಾರ ಕೈಯಲ್ಲೂ ಇಲ್ಲವೆಂದು ನೋಡಿಕೊಂಡು ಹಳೆಯ ಜೆಟ್ಟನ್ನು ಮರಳಿ ಹಾಕಬೇಕು. ಕೈ ಪಳಗಿದವರಿಗೆ ಅರ್ಧ ಗಂಟೆಯ ಕೆಲಸ. ಮರುದಿನದ ಮೊದಲ ಐವತ್ತು ಕಿಲೋಮೀಟರ್ ಬೈಕು ತುಸು ರಿಚ್ ಆಗಿ ಕೆಮ್ಮುತ್ತದೆ. ಕೆಮ್ಮಲಿ. ಬಯಲು ಬಂದಂತೆ ಅದು ತಾನಾಗಿ ನಿಲ್ಲುತ್ತದೆ.